ಬಾಡಿಗೆ ಕೊಡದ ರೂಮ್‌ಮೇಟ್‌ಗಳು

ಶಾರ್ಜಾದ ನಮ್ಮ ರೂಮಿನಲ್ಲಿ ಆರು ಮಂಚ, ಒಂದು ಫ್ರಿಜ್, ಒಂದು ವಾಷಿಂಗ್ ಮೆಷಿನ್ ಮತ್ತು ಎರಡೂವರೆ ಅಡಿ ಉದ್ದದ ಒಂದು ಮೀನಿನ ತೊಟ್ಟಿ ಇದೆ. ರೂಮ್ ಅಂದರೆ ನಿಮಗೆ ಗೊತ್ತೇ ಇದೆ, ಒಂದು ಹಾಲ್, ಒಂದು ಬೆಡ್‌ರೂಮ್, ಮೂರು ಮೂರು ಜನ. ತೊಟ್ಟಿ ಹಾಲಿನಲ್ಲಿ, ನನ್ನ ಮಂಚದ ಕಾಲ ಬುಡಕ್ಕೆ. ಸುಮಾರು ನೂರು ಲೀಟರ್ ನೀರು, ಹದಿನಾಲ್ಕು ಗಪ್ಪಿ, ಐದು ಕರಿ ಮೊಲ್ಲಿ, ಗಾಜಿಗೆ ಬಾಯಿ ಅಂಟಿಸಿಕೊಂಡು ಕೂರುವ ಒಂದು ಸಕ್ಕರ್ ಮೀನು. ಇದು ನಮ್ಮಲ್ಲಿ ಯಾರೂ ಕೊಂಡು ತಂದದ್ದಲ್ಲ. ಇಪ್ಪತ್ತಾರು ವರ್ಷ ಇಲ್ಲಿ ದುಡಿದು, ಬೆನ್ನುನೋವು ತಡೆಯಲಾರದೆ ಮಾರ್ಚ್‌ನಲ್ಲಿ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೋದ ಬಂಟ್ವಾಳ ಕಡೆಯ ಬ್ಯಾರಿ ಹಿರಿಯರೊಬ್ಬರದ್ದು. ನಾವೆಲ್ಲ ಅವರನ್ನು ಕಾಕ ಎಂದೇ ಕರೆಯುವುದು. ಹೋಗುವಾಗ ಟಿವಿ ಮಾರಿದರು, ಮಿಕ್ಸಿ ಕೊಟ್ಟರು, ಕಾರ್ಟನ್ ಕಟ್ಟಿದರು. ತೊಟ್ಟಿಯನ್ನು ಮಾತ್ರ ಮಾರಲಿಲ್ಲ. "ಇದು ಇಲ್ಲೇ ಇರಲಿ. ಶುಕ್ರವಾರ ವಿಡಿಯೋ ಕಾಲ್ ಮಾಡುವಾಗ ಸ್ವಲ್ಪ ತೋರಿಸಿ, ಸಾಕು" ಎಂದರು.

ಅದರಂತೆ ಪ್ರತಿ ಶುಕ್ರವಾರ ಜುಮ್ಮಾ ಮುಗಿಸಿ, ಊಟ ಮಾಡಿ ಅವರು ಫೋನ್ ಮಾಡುವುದು, ನಾವು ಮೊಬೈಲನ್ನು ಗಾಜಿಗೆ ಹಿಡಿಯುವುದು ನಡೆದುಕೊಂಡು ಬಂದಿತ್ತು. ಆಪರೇಷನ್ ಆದ ವಾರ ಹಾಸಿಗೆಯಲ್ಲೇ ಮಲಗಿಕೊಂಡು ನೋಡಿದರು. ನಮ್ಮ ಸುದ್ದಿ ಕೇಳುವುದು ಮೀನುಗಳನ್ನು ಎಣಿಸಿ ಮುಗಿಸಿದ ಮೇಲೆಯೇ.

ಹುಳ ಕಂಡದ್ದು ಜುಲೈ ಕೊನೆಯ ವಾರ. ಮೊದಲು ಕಂಡವನು ಬಾಗಲಕೋಟೆ ಕಡೆಯ ಹುಡುಗ, ಗೋದಾಮಿನಲ್ಲಿ ಹೆಲ್ಪರ್, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು. ಕಾಕ ಮೀನಿನ ಜವಾಬ್ದಾರಿ ಒಪ್ಪಿಸಿದ್ದು ಅವನಿಗೆ. ರಾತ್ರಿ ಲೈಟ್ ಹಾಕಿದಾಗ ಗಾಜಿನ ಮೇಲೆ, ನೀರಿನ ಮಟ್ಟದ ಹತ್ತಿರ, ಬಿಳಿ ಕೂದಲಿನಂಥವು ಹತ್ತಾರು. ಕೆಲವು ನೀರಿನಲ್ಲೇ ಮೈ ಡೊಂಕು ಮಾಡಿಕೊಂಡು ತೇಲುತ್ತಿದ್ದವು. ಹಿಂಬದಿಗೆ ನೇತುಹಾಕಿದ ಫಿಲ್ಟರಿನ ಮುಚ್ಚಳ ತೆಗೆದ ಹುಡುಗ ಅದನ್ನು ಹಾಗೆಯೇ ಕೈಬಿಟ್ಟ. ಒಳಗೆ ಸ್ಪಂಜಿನ ಮೇಲೆ ಅವು ಶಾವಿಗೆ ಬೇಯಿಸಿ ಹರವಿದ ಹಾಗೆ ಮಿಸುಕಾಡುತ್ತಿದ್ದವು. ಶಾವಿಗೆಯ ಹೋಲಿಕೆ ನನ್ನದಲ್ಲ, ಅವನದು. ಆಮೇಲೆ ಒಂದು ತಿಂಗಳು ರೂಮಿನಲ್ಲಿ ಯಾರೂ ಶಾವಿಗೆ ಮಾಡಲಿಲ್ಲ.

"ಅಣ್ಣಾರ, ಇದನ್ನ ಒಯ್ದು ಒಗದು ಬಿಡೂನ್ರೀ" ಎಂದ ಹುಡುಗ. ಅವನಿಗಿಂತ ಹೆಚ್ಚು ಹೆದರಿದವರು ಕುಂದಾಪುರದ ನಮ್ಮ ಅಡುಗೆ ಭಟ್ಟರು. ಅವರು ಕೆಲಸ ಮಾಡುವುದು ಕೆಫೆಟೇರಿಯಾದಲ್ಲಿ. ಹೆಲ್ತ್ ಕಾರ್ಡ್ ಇಲ್ಲದೆ ಅಡುಗೆಮನೆಗೆ ಕಾಲಿಡುವಂತಿಲ್ಲ, ಅವರ ಕಾರ್ಡ್ ನವೀಕರಣ ಮುಂದಿನ ತಿಂಗಳೇ ಇತ್ತು. "ಇದ್ ನಾವ್ ಕುಡು ನೀರಂಗೂ ಇದ್ರೆ ಎಂತ ಮಾಡೂದ್ ಮಾರ್ರೆ? ನನ್ ಕೆಲ್ಸವೇ ಹೋತ್" ಎಂದು ತಲೆಯ ಮೇಲೆ ಕೈ ಹೊತ್ತು ಕೂತರು. ಅವರ ಹೆದರಿಕೆಯನ್ನು ನಗೆಯಾಡುವಂತಿರಲಿಲ್ಲ. ಊರಿನಲ್ಲಿ ಅವರ ಮಗಳ ನರ್ಸಿಂಗ್ ಕಾಲೇಜಿನ ಎರಡನೇ ಕಂತು ಬಾಕಿ ಇತ್ತು. ತೊಟ್ಟಿ ಹೋಗಬೇಕು, ಇಲ್ಲವೇ ನಾನೇ ಬೇರೆ ಬೆಡ್‌ಸ್ಪೇಸ್ ನೋಡಿಕೊಳ್ಳುತ್ತೇನೆ ಎಂಬಲ್ಲಿಗೆ ಮಾತು ಬಂತು. ಮೀನುಗಳನ್ನು ಖಾಲಿದ್ ಲಗೂನಿಗೆ ಬಿಟ್ಟುಬಿಡೋಣ ಎಂದು ಶಿರಸಿಯವನೊಬ್ಬ ಸೂಚಿಸಿದ. ಅದು ಸಮುದ್ರದ ಉಪ್ಪುನೀರು. ಅದಲ್ಲದೆ ಸಾಕಿದ ಮೀನನ್ನು ಹೊರಗಿನ ನೀರಿಗೆ ಬಿಡುವುದು ಎಲ್ಲಿಯೂ ಮಾಡಬಾರದ ಕೆಲಸ. ಮೀನು ಬದುಕಿದರೆ ಅಲ್ಲಿನ ಜೀವಿಗಳಿಗೆ ಕಷ್ಟ, ಬದುಕದಿದ್ದರೆ ಮೀನಿಗೆ ಕಷ್ಟ.

ನಾನು ಎಸಿ ಟೆಕ್ನಿಷಿಯನ್. ಫಿಲ್ಟರ್ ಅಂದರೆ ನಿನ್ನ ಲೈನ್ ತಾನೇ ಎಂದು ಎಲ್ಲರೂ ನನ್ನ ಮುಖ ನೋಡಿದರು. ಭಾನುವಾರದವರೆಗೆ ಸಮಯ ಕೊಡಿ ಎಂದೆ.

ಮೊದಲ ಕೆಲಸ, ಇದು ಯಾವ ಹುಳ ಎಂದು ತಿಳಿಯುವುದು. ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಯಲ್ಲಿ ನಾಲ್ಕಾರು ಹುಳ ಹಿಡಿದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದೆ. ತೊಟ್ಟಿ ಇಟ್ಟುಕೊಂಡ ಓದುಗರಿಗೆ ಉಪಯೋಗವಾಗಲಿ ಎಂದು ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕೂದಲಿನಷ್ಟು ತೆಳ್ಳಗೆ, ಒಂದು ಸೆಂಟಿಮೀಟರ್ ಆಸುಪಾಸು, ಮೈಯನ್ನು ಹಾವಿನಂತೆ ತಿರುಚಿಕೊಂಡು ಈಜುವಂಥದ್ದು ಕೊಳೆ ತಿನ್ನುವ ಹುಳ. ಮೀನಿನ ಅಂಗಡಿಗಳಲ್ಲಿ ಡೆಟ್ರೈಟಸ್ ವರ್ಮ್ ಎನ್ನುತ್ತಾರೆ. ನಮ್ಮ ತೋಟದ ಎರೆಹುಳದ ದಾಯಾದಿ. ಊರಿನ ಅಕ್ವೇರಿಯಂ ಅಂಗಡಿಗಳಲ್ಲಿ ಮೀನಿಗೆ ಆಹಾರವೆಂದು ಮಾರುವ ಕೆಂಪು ಟ್ಯೂಬಿಫೆಕ್ಸ್ ಕೂಡ ಇದೇ ಬಳಗದ್ದು. ಮೀನಿನ ಹಿಕ್ಕೆ, ಉಳಿದ ಆಹಾರ, ಕೊಳೆತ ಎಲೆ ತಿಂದು ಬದುಕುತ್ತದೆ, ಮೀನಿಗೆ ಏನೂ ಮಾಡುವುದಿಲ್ಲ. ಈಜದೆ ಗಾಜಿನ ಮೇಲೆ ಎಣ್ಣೆ ಜಾರಿದಂತೆ ಜಾರುವ, ಚಪ್ಪಟೆ ಮೈಯ, ಬಾಣದ ತುದಿಯಂಥ ತಲೆಯಲ್ಲಿ ಎರಡು ಕಣ್ಣಿನ ಚುಕ್ಕೆ ಇರುವ ಹುಳವಾದರೆ ಅದು ಪ್ಲನೇರಿಯಾ. ಸಿಗಡಿ ಮರಿ, ಮೀನಿನ ಮೊಟ್ಟೆ ಅದಕ್ಕೆ ಆಹಾರ. ಅದನ್ನು ಬ್ಲೇಡಿನಿಂದ ಕೊಯ್ದರೆ ಕೊಯ್ದ ತುಂಡುಗಳೆಲ್ಲ ಒಂದೊಂದು ಹುಳವಾಗಿ ಬೆಳೆಯುತ್ತವೆ. ದೇವಿಮಹಾತ್ಮೆ ಆಟ ನೋಡಿದವರಿಗೆ ರಕ್ತಬೀಜಾಸುರನ ನೆನಪಾದೀತು. ವಂಶವಾಹಿಗಳ ಸಂಶೋಧನೆಗೆ 1933ರಲ್ಲಿ ನೊಬೆಲ್ ಪಡೆದ ಥಾಮಸ್ ಹಂಟ್ ಮಾರ್ಗನ್ ಅದಕ್ಕೂ ಮುಂಚೆ ಇದೇ ಹುಳವನ್ನು ಕತ್ತರಿಸಿ ಕತ್ತರಿಸಿ ನೋಡಿದ್ದರಂತೆ. ಇನ್ನೊಂದು ಇದೆ, ಅದು ನಿಜವಾಗಿ ಕೆಟ್ಟದ್ದು. ಮೀನಿನ ಗುದದ್ವಾರದಿಂದ ಕೆಂಪು ದಾರದ ತುದಿಗಳು ಇಣುಕುತ್ತಿದ್ದರೆ ಅದು ಹೊಟ್ಟೆಯೊಳಗಿನ ಪರಾವಲಂಬಿ ಕಮಲಾನಸ್. ಅದಕ್ಕೆ ಔಷಧವೇ ಬೇಕು.

ನಮ್ಮದು ಮೊದಲನೆಯದು. ಬಾಣದ ತಲೆ ಇಲ್ಲ, ಮೀನುಗಳ ಹಿಂಬದಿ ಸ್ವಚ್ಛ.

ಎರಡನೆಯದು ಭಟ್ಟರ ಪ್ರಶ್ನೆ. ಇನ್ನೊಂದು ಗಾಜಿನ ಬಾಟಲಿ ತೊಳೆದು ಅಡುಗೆಮನೆಯ ನಲ್ಲಿಯ ನೀರು ತುಂಬಿ, ಮುಚ್ಚಿ, ಎರಡು ರಾತ್ರಿ ಫ್ರಿಜ್ಜಿನ ಮೇಲೆ ಇಟ್ಟೆವು. ಭಟ್ಟರು ಡ್ಯೂಟಿಗೆ ಹೋಗುವಾಗಲೂ ಬಂದಾಗಲೂ ಅದಕ್ಕೆ ಟಾರ್ಚ್ ಹಿಡಿದು ನೋಡಿದರು. ಏನೂ ಇರಲಿಲ್ಲ. ಇಲ್ಲಿನ ನಲ್ಲಿ ನೀರು ಸಮುದ್ರದ ನೀರಿನಿಂದ ಉಪ್ಪು ತೆಗೆದು ಮಾಡಿದ್ದು, ಕ್ಲೋರಿನ್ ಹಾಕಿದ್ದು. ಇಂಥ ಹುಳಗಳು ತೊಟ್ಟಿಗೆ ಬರುವುದು ಅಂಗಡಿಯಿಂದ ತಂದ ಗಿಡದ ಬೇರಿನಲ್ಲಿ, ಹಳೆಯ ಜಲ್ಲಿಯಲ್ಲಿ, ಮೀನು ತುಂಬಿಕೊಟ್ಟ ನೀರಿನ ಚೀಲದಲ್ಲಿ. ಇದು ಮನುಷ್ಯರ ಹೊಟ್ಟೆಯಲ್ಲಿ ಆಗುವ ಹುಳವಲ್ಲ ಎಂದು ನಾನು ಹೇಳಿದ್ದಕ್ಕಿಂತ ಆ ಖಾಲಿ ಬಾಟಲಿ ಹೇಳಿದ್ದನ್ನು ಅವರು ಹೆಚ್ಚು ನಂಬಿದರು. ಆದರೂ ಅವತ್ತಿನಿಂದ ಒಂದು ಕಟ್ಟಳೆ ಮಾಡಿದೆವು. ತೊಟ್ಟಿಯ ಸಾಮಾನು ಯಾವುದನ್ನೂ ಅಡುಗೆ ಸಿಂಕಿನಲ್ಲಿ ತೊಳೆಯುವಂತಿಲ್ಲ, ಅದಕ್ಕೆ ಬೇರೆ ನೀಲಿ ಬಕೆಟ್. ಕೈಯಲ್ಲಿ ಗಾಯ ಇದ್ದವರು ನೀರಿಗೆ ಕೈ ಹಾಕುವಂತಿಲ್ಲ. ಕೆಲಸ ಮುಗಿದ ಮೇಲೆ ಸೋಪು.

ಇನ್ನು ಫಿಲ್ಟರ್. ಹುಡುಗ ಆಗಲೇ ಬ್ಲೀಚಿನ ಬಾಟಲಿ ತಂದಿಟ್ಟಿದ್ದ. ಎಸಿ ಫಿಲ್ಟರನ್ನು ನಾವು ಹೇಗೆ ತೊಳೆಯುತ್ತೇವೆ? ಹೊರಗೆ ತೆಗೆದು, ಪೈಪಿನ ನೀರು ಜೋರಾಗಿ ಬಿಟ್ಟು, ಹೊಸದರ ಹಾಗೆ ಆಗುವವರೆಗೆ. ಮೀನಿನ ಫಿಲ್ಟರನ್ನು ಹಾಗೆ ತೊಳೆದರೆ ಹುಳ ಸಾಯುತ್ತದೆ, ನಾಲ್ಕೇ ದಿನದಲ್ಲಿ ಮೀನೂ ಸಾಯಬಹುದು. ಮೀನಿನ ಹಿಕ್ಕೆಯಿಂದ, ಉಸಿರಿನಿಂದ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ಅದು ವಿಷ. ಸ್ಪಂಜಿನ ತೂತುಗಳಲ್ಲಿ ಮನೆ ಮಾಡಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ, ಬೇರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಸ್ವಲ್ಪ ಇದ್ದರೆ ಮೀನಿಗೆ ತೊಂದರೆ ಇಲ್ಲ, ಗಿಡಕ್ಕೆ ಅದು ಗೊಬ್ಬರ. ಆ ಸ್ಪಂಜು ಕಂದು ಬಣ್ಣಕ್ಕೆ ತಿರುಗಿದೆ ಅಂದರೆ ಒಳಗೆ ಕೆಲಸಗಾರರು ಇದ್ದಾರೆ ಎಂದು ಅರ್ಥ. ಬ್ಲೀಚ್ ಹಾಕಿದರೆ, ನಲ್ಲಿಯ ಕ್ಲೋರಿನ್ ನೀರಿನಲ್ಲಿ ಹಿಂಡಿದರೆ, ಎಲ್ಲರಿಗೂ ಒಟ್ಟಿಗೆ ವೀಸಾ ಕ್ಯಾನ್ಸಲ್.

ಹಾಗಾಗಿ ಮೊದಲು ಪ್ಲಗ್ ತೆಗೆದೆ. ಇದನ್ನು ಒತ್ತಿ ಹೇಳುತ್ತೇನೆ, ನೀರಿಗೆ ಕೈ ಹಾಕುವ ಮುಂಚೆ ಪ್ಲಗ್ ತೆಗೆಯಿರಿ. ಸಾಕೆಟ್ ತೊಟ್ಟಿಗಿಂತ ಕೆಳಗಿದ್ದರೆ ವಯರ್ ಇನ್ನೂ ಕೆಳಗೆ ಜೋತಾಡಿ ಮತ್ತೆ ಮೇಲೆ ಹೋಗುವ ಹಾಗೆ ಬಿಡಿ, ವಯರಿನ ಗುಂಟ ಇಳಿದ ಹನಿ ಸಾಕೆಟ್‌ಗೆ ಹೋಗದೆ ನೆಲಕ್ಕೆ ಬೀಳುತ್ತದೆ. ಆಮೇಲೆ ತೊಟ್ಟಿಯದೇ ನೀರನ್ನು ಅರ್ಧ ಬಕೆಟ್ ತೆಗೆದು ಅದರಲ್ಲಿ ಸ್ಪಂಜನ್ನು ಎರಡು ಮೂರು ಸಲ ಹಿಂಡಿದೆ. ಬಂದದ್ದು ಕಾಫಿ ಗಸಿಯಂಥ ನೀರು. ಅದರಲ್ಲಿ ನೂರಾರು ಹುಳ. ಒಳ್ಳೆಯ ಫಿಲ್ಟರಿನ ಗಸಿ ಒದ್ದೆ ಮಣ್ಣಿನ ವಾಸನೆ ಬರಬೇಕು. ನಮ್ಮದು ಮೇಲ್ಭಾಗದಲ್ಲಿ ಹಾಗೇ ಇತ್ತು, ಬೇಸಾಯಕ್ಕೆ ಹದವಾದ ಗದ್ದೆಯ ಹಾಗೆ. ಅಡಿಭಾಗದಲ್ಲಿ ಮಾತ್ರ ಕೊಳೆತ ಮೊಟ್ಟೆಯ ವಾಸನೆ, ಅಂದರೆ ಅಲ್ಲಿಗೆ ಆಮ್ಲಜನಕ ಹೋಗುತ್ತಿರಲಿಲ್ಲ. ಪಂಪಿನ ಸಣ್ಣ ಚಕ್ರದ ಸುತ್ತ ಅಂಟು ಕಟ್ಟಿ ನೀರಿನ ಓಟ ಅರ್ಧಕ್ಕೆ ಇಳಿದಿತ್ತು. ಅದನ್ನು ಹಳೆಯ ಟೂತ್‌ಬ್ರಶ್ಶಿನಿಂದ ತಿಕ್ಕಿದೆ.

ಹುಳಗಳು ಕೊಳೆಯಲ್ಲಿರುವುದು ಬಿಟ್ಟು ಮೇಲೆ ಹತ್ತಿದ್ದು ಯಾಕೆ ಎಂಬುದಕ್ಕೆ ಉತ್ತರ ಅಲ್ಲೇ ಸಿಕ್ಕಿತು. ಅವುಗಳಿಗೂ ಉಸಿರುಗಟ್ಟಿತ್ತು. ಹಗಲು ನಾವೆಲ್ಲ ಹೊರಗೆ. ಕರೆಂಟ್ ಬಿಲ್ ಉಳಿಸಲು ಹಾಲಿನ ಎಸಿ ಬಂದ್. ಮಧ್ಯಾಹ್ನ ತೊಟ್ಟಿಯ ನೀರು 34 ಡಿಗ್ರಿ ತೋರಿಸಿತು. 25 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 35 ಡಿಗ್ರಿಯ ನೀರು ಸುಮಾರು 7 ಮಾತ್ರ. ಬಿಸಿಯಲ್ಲಿ ಮೀನಿಗೆ, ಬ್ಯಾಕ್ಟೀರಿಯಾಗಳಿಗೆ ಬೇಕಾಗುವುದೋ ಇನ್ನೂ ಹೆಚ್ಚು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ನಮ್ಮನ್ನು ಬಿಸಿಲಿನಲ್ಲಿ ದುಡಿಸುವಂತಿಲ್ಲ ಎಂದು ಇಲ್ಲಿ ಕಾನೂನಿದೆ. ಟೆರೇಸಿನ ಮೇಲೆ ಔಟ್‌ಡೋರ್ ಯೂನಿಟ್ ಬಿಚ್ಚುವವನಾದ ನನಗೆ ಆ ಎರಡೂವರೆ ಗಂಟೆಯ ಬೆಲೆ ಗೊತ್ತು. ಮೀನಿಗೆ ಅಂಥ ವಿರಾಮ ಯಾರೂ ಕೊಟ್ಟಿರಲಿಲ್ಲ.

ಅದಕ್ಕೆ ಮಾಡಿದ್ದು ಸುಲಭ. ತೊಟ್ಟಿಯ ನೀರನ್ನು ಎರಡು ಇಂಚು ಇಳಿಸಿದೆ, ಫಿಲ್ಟರಿನಿಂದ ಬೀಳುವ ನೀರು ಸದ್ದು ಮಾಡಿಕೊಂಡು ಬೀಳುವ ಹಾಗೆ. ಅಲ್ಲಿ ಗಾಳಿ ಬೆರೆಯುತ್ತದೆ. ಟೇಬಲ್ ಫ್ಯಾನನ್ನು ನೀರಿನ ಮೇಲ್ಮೈಗೆ ಬೀಸುವಂತೆ ತಿರುಗಿಸಿದೆ. ಮಣ್ಣಿನ ಹೂಜಿ ನೀರು ತಣ್ಣಗಾಗಿಸುವ ಲೆಕ್ಕವೇ ಇದು. ಒಣ ದಿನಗಳಲ್ಲಿ ಎರಡು ಮೂರು ಡಿಗ್ರಿ ಇಳಿಯಿತು, ಆಗಸ್ಟಿನ ಆವಿ ತುಂಬಿದ ದಿನಗಳಲ್ಲಿ ಒಂದೇ. ಆರಿದ ನೀರನ್ನು ತುಂಬುತ್ತಿರಬೇಕು ಅಷ್ಟೆ. ವಾರಕ್ಕೆರಡು ಸಲ ಕಾಲುಭಾಗ ನೀರು ಬದಲಿಸುವುದು, ಪೈಪಿನ ತುದಿಯನ್ನು ಜಲ್ಲಿಗೆ ಚುಚ್ಚಿ ಅಡಿಯ ಕೊಳೆ ಎಳೆಯುವುದು ಶುರುಮಾಡಿದೆವು. ಪೈಪಿಗೆ ನೀರು ತುಂಬಿಸಿ ಬೆರಳಿನಿಂದ ಮುಚ್ಚಿ ಕೆಳಗಿಳಿಸಿ ಬಿಟ್ಟರೆ ತಾನೇ ಹರಿಯುತ್ತದೆ. ಸುರಂಗದ ನೀರನ್ನು ಪೈಪಿನಲ್ಲಿ ತೋಟಕ್ಕೆ ಇಳಿಸಿದ ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹೊಸ ನೀರಿನ ತೊಂದರೆ ಬೇರೆ. ಜುಲೈನಲ್ಲಿ ನಮ್ಮ ತಣ್ಣೀರಿನ ನಲ್ಲಿಯಲ್ಲಿ ಬರುವುದು ಟೆರೇಸ್ ಟ್ಯಾಂಕಿನಲ್ಲಿ ಕಾದ ಬಿಸಿನೀರು. ಗೀಸರ್ ಆಫ್ ಮಾಡಿ, ಅದರೊಳಗೆ ನಿಂತು ತಣಿದ ನೀರಿನಲ್ಲಿ ಸ್ನಾನ ಮಾಡುವ ವಿದ್ಯೆ ನಿಮಗೆಲ್ಲ ಗೊತ್ತಿರುವುದೇ. ಮೀನಿಗೂ ಅದೇ ನೀರು. ಸಂಜೆ ಬಕೆಟಿಗೆ ಹಿಡಿದು, ಕ್ಲೋರಿನ್ ತೆಗೆಯುವ ಹನಿ ಹಾಕಿ, ಎಸಿ ಇರುವ ಬೆಡ್‌ರೂಮಿನಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ಹಾಕುವುದು.

ಇಷ್ಟಾದರೂ ಒಂದು ಲೆಕ್ಕ ತಾಳೆಯಾಗಲಿಲ್ಲ. ಅಷ್ಟೊಂದು ಹುಳ ಬೆಳೆಯಲು ಅಷ್ಟೊಂದು ಆಹಾರ ಎಲ್ಲಿಂದ ಬಂತು? ಅಮೋನಿಯಾ ಪರೀಕ್ಷೆಯ ಹನಿ ಹಾಕಿದರೆ ಹಳದಿ ಇರಬೇಕಾದ ನೀರು ಹಸಿರಾಗುತ್ತಿತ್ತು. ಕಾಕ ಮೀನಿನ ಆಹಾರದ ಪ್ರತಿ ಡಬ್ಬಿಯ ಮುಚ್ಚಳದ ಮೇಲೆ ಮಾರ್ಕರಿನಿಂದ ಕೊಂಡ ತಾರೀಕು ಬರೆಯುತ್ತಿದ್ದರು, ಖಾಲಿ ಡಬ್ಬಿಗಳಲ್ಲಿ ಸ್ಕ್ರೂ, ಗುಂಡಿ ತುಂಬಿಡುತ್ತಿದ್ದರು. ಅವನ್ನು ಸಾಲಾಗಿಟ್ಟು ನೋಡಿದೆ. ಅವರ ಕಾಲದಲ್ಲಿ ಒಂದು ಡಬ್ಬಿ ನಾಲ್ಕು ತಿಂಗಳು ಬರುತ್ತಿತ್ತು. ಹುಡುಗ ಜೂನ್ ಮಧ್ಯದಲ್ಲಿ ತಂದ ಡಬ್ಬಿ ಜುಲೈ ಕೊನೆಗೆ ತಳ ಕಂಡಿತ್ತು.

ಭಾನುವಾರ ರಾತ್ರಿ ಐವರೂ ಊಟಕ್ಕೆ ಕೂತಾಗ ಕೇಳಿದೆ, ಮೀನಿಗೆ ಯಾರು ಯಾರು ಹಾಕುತ್ತೀರಿ? ಹುಡುಗ ರಾತ್ರಿ ಹಾಕುತ್ತಿದ್ದ, ಅದು ಅವನ ಡ್ಯೂಟಿ. ಭಟ್ಟರು ಬೆಳಗಿನ ಐದು ಗಂಟೆಗೆ ಹೊರಡುವಾಗ, "ಪಾಪ, ಹಸ್ಕಂಡ್ ಇರ್ತೊ" ಎಂದು ಒಂದು ಚಿಟಿಕೆ. ಶಿರಸಿಯವನು ಮಧ್ಯಾಹ್ನ ಊಟಕ್ಕೆ ಬಂದಾಗ. ರಾತ್ರಿಪಾಳಿ ಸೆಕ್ಯುರಿಟಿಯಲ್ಲಿರುವ ಮಂಡ್ಯದವರು ಬೆಳಿಗ್ಗೆ ಏಳಕ್ಕೆ ಬಂದಾಗ ಒಮ್ಮೆ, ಸಂಜೆ ಹೊರಡುವಾಗ ಒಮ್ಮೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಒಂದೇ ಮನೆಯಲ್ಲಿದ್ದೂ ನಾವು ಐವರು ಎಚ್ಚರವಾಗಿ ಒಟ್ಟಿಗೆ ಸಿಗುವುದು ವಾರಕ್ಕೊಮ್ಮೆ. ಮೀನು ಎಷ್ಟು ಹಾಕಿದರೂ ಬಾಯಿ ತೆರೆದುಕೊಂಡು ಬರುತ್ತದೆ, ಹೊಟ್ಟೆ ತುಂಬಿತು ಎಂದು ಹೇಳುವುದಿಲ್ಲ. ಉಳಿದದ್ದು ಜಲ್ಲಿಯ ಸಂದಿಗೆ, ಅಲ್ಲಿಂದ ಫಿಲ್ಟರಿಗೆ, ಅಲ್ಲಿ ಹುಳಗಳಿಗೆ ದಿನವೂ ಐದು ಹೊತ್ತಿನ ಸಂತರ್ಪಣೆ.

ಮಂಡ್ಯದವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ನಾನೇನ್ ಜಾಸ್ತಿ ಹಾಕ್ತಿರ್ಲಿಲ್ಲ ಕಣಣ್ಣ, ಒಂದ್ ಚಿಟಿಕೆ. ಹನ್ನೆರಡು ಗಂಟೆ ಗೇಟಲ್ಲಿ ನಿಂತಿರ್ತೀನಿ. ನೂರಾರು ಜನ ಹೋಯ್ತರೆ ಬತ್ತರೆ, ಒಬ್ರೂ ಮುಖ ನೋಡಲ್ಲ. ಇವು ನಾನ್ ಬಂದೆ ಅಂತ ಗಾಜಿನತ್ರ ಓಡ್ ಬತ್ತವೆ" ಎಂದರು. ಯಾರೂ ಏನೂ ಹೇಳಲಿಲ್ಲ. ಭಟ್ಟರು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.

ಶಿಶಿಲದಲ್ಲಿ ಕಪಿಲಾ ನದಿಯ ದೇವರ ಮೀನುಗಳಿಗೆ ಮಂಡಕ್ಕಿ ಹಾಕುತ್ತಾ ಬೆಳೆದವನು ನಾನು. ಎರಚಿದ ಕೂಡಲೇ ಕಪ್ಪು ಬೆನ್ನುಗಳು ಒಂದರ ಮೇಲೊಂದು ಬೀಳುವುದನ್ನು ನೋಡುವ ಸುಖ ಗೊತ್ತು. ಅಲ್ಲಿ ಹರಿಯುವ ನದಿ ಇದೆ, ಉಳಿದದ್ದನ್ನು ಒಯ್ಯುತ್ತದೆ. ಇಲ್ಲಿ ನೂರು ಲೀಟರ್.

ಅಂತೂ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆವು. ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ಹಾಕಿದವರು ಟಿಕ್ ಮಾಡಬೇಕು. ವಾರದಲ್ಲಿ ಒಂದು ದಿನ ಪೂರ್ತಿ ಉಪವಾಸ, ಭಟ್ಟರು ಅದಕ್ಕೆ ಏಕಾದಶಿ ಎಂದು ಹೆಸರಿಟ್ಟರು. ಯಾರ ಪಾಳಿ ಎಂಬ ಚರ್ಚೆ ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ವಾರದ ನಾಲ್ಕು ದಿನ ಬೆಳಗಿನ ಏಳು ಗಂಟೆಯದ್ದನ್ನು ಮಂಡ್ಯದವರಿಗೇ ಬಿಟ್ಟೆವು, ಉಳಿದ ಎರಡನ್ನು ಬೇರೆಯವರು ಹಂಚಿಕೊಂಡರು.

ಅಷ್ಟರವರೆಗೆ ಕಾಕನಿಗೆ ಹುಳದ ಸುದ್ದಿ ಹೇಳಿರಲಿಲ್ಲ. ಎರಡು ಶುಕ್ರವಾರ ಹುಡುಗ ಬುದ್ಧಿವಂತಿಕೆಯಿಂದ ಕ್ಯಾಮೆರಾವನ್ನು ಕೆಳಭಾಗಕ್ಕೇ ಹಿಡಿದಿದ್ದ. ಆಪರೇಷನ್ ಆದವರಿಗೆ ಯಾಕೆ ತಲೆಬಿಸಿ ಎಂದು. ಮೂರನೆಯ ಶುಕ್ರವಾರ ನಾನೇ ಬಾಟಲಿಯನ್ನು ಕ್ಯಾಮೆರಾದ ಮುಂದೆ ಹಿಡಿದೆ. ಕಾಕ ಕನ್ನಡಕ ಹಾಕಿಕೊಂಡು ನೋಡಿದರು, ಆಮೇಲೆ ಬೆನ್ನು ಹಿಡಿದುಕೊಂಡು ನಕ್ಕರು.

"ಅದು ಸುರುವಿನಿಂದಲೂ ಉಂಟು ಮಾರಾಯ! ಹನ್ನೊಂದು ವರ್ಷ ಆಯ್ತು. ಸ್ಪಂಜ್ ಹಿಂಡುವಾಗ ಬಕೆಟಲ್ಲಿ ಬಂದದ್ದನ್ನು ನಾನು ಮೊಲ್ಲಿಗಳಿಗೆ ಹಾಕ್ತಿದ್ದೆ, ಬಿರಿಯಾನಿ ಸಿಕ್ಕಿದ ಹಾಗೆ ತಿಂತಿದ್ದವು. ನಿಮಗೆ ಹೇಳಿದ್ರೆ ತೊಟ್ಟಿ ಬಿಸಾಡ್ತೀರಿ ಅಂತ ಹೇಳ್ಲಿಲ್ಲ ಅಷ್ಟೇ."

ಹುಡುಗ ನನ್ನ ಮುಖ ನೋಡಿದ, ನಾನು ಭಟ್ಟರ ಮುಖ ನೋಡಿದೆ. ಹನ್ನೊಂದು ವರ್ಷ ಅವರು ಬೆಳಿಗ್ಗೆ ನಾಲ್ಕಕ್ಕೆದ್ದು, ನಾವೆಲ್ಲ ಮಲಗಿದ್ದಾಗ ಬಾಲ್ಕನಿಯಲ್ಲಿ ಸ್ಪಂಜು ಹಿಂಡುತ್ತಿದ್ದುದು ಯಾಕೆಂದು ಅವತ್ತು ತಿಳಿಯಿತು.

ಔಷಧದ ವಿಷಯ ಹೇಳದಿದ್ದರೆ ಲೇಖನ ಅಪೂರ್ಣ. ನಡುವೆ ಒಂದು ದಿನ ನಾನು ಮತ್ತು ಶಿರಸಿಯವನು ಶಾರ್ಜಾದ ಹಕ್ಕಿ-ಪ್ರಾಣಿ ಮಾರುಕಟ್ಟೆಗೆ ಹೋಗಿದ್ದೆವು. ಮೀನಿನ ಅಂಗಡಿಯವನು ಎರಡು ತೋರಿಸಿದ. ಒಂದು, ನಾಯಿಗೆ ಕೊಡುವ ಜಂತುಹುಳದ ಔಷಧ ಫೆನ್‌ಬೆಂಡಜೋಲ್. ಇನ್ನೊಂದು ಪ್ಲನೇರಿಯಾ ಕೊಲ್ಲುವ ಪುಡಿ. ಅದನ್ನು ಯಾವುದರಿಂದ ಮಾಡುತ್ತಾರೆ ಗೊತ್ತೇ ಎಂದು ಕೇಳಿ ಅವನೇ ಹೇಳಿದ, ಅಡಿಕೆಯಿಂದ! ಅಡಿಕೆಯಲ್ಲಿರುವ ಅರೆಕೊಲಿನ್ ಹುಳಗಳ ನರ ಹಿಡಿದು ಬಿಡುತ್ತದೆ. ಹಿಂದೆ ಪಶುವೈದ್ಯರು ನಾಯಿಯ ಲಾಡಿಹುಳಕ್ಕೆ ಅದನ್ನೇ ಕೊಡುತ್ತಿದ್ದರು. ಎರಡೆಕರೆ ಅಡಿಕೆ ತೋಟವನ್ನು ಅಣ್ಣನಿಗೆ ಬಿಟ್ಟು ಇಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಯ ಲೆಕ್ಕ ಬರೆಯುತ್ತಿರುವ ಶಿರಸಿಯವನು ಆ ಸಣ್ಣ ಪೊಟ್ಟಣವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಗ್ರಾಂ ಲೆಕ್ಕದ ಆ ದರವನ್ನು ಕ್ವಿಂಟಾಲಿಗೆ ಹಾಕಿ, ದಿರ್ಹಮ್‌ನಿಂದ ರೂಪಾಯಿಗೆ ತಿರುಗಿಸಿ, ಮೊಬೈಲ್ ಕ್ಯಾಲ್ಕುಲೇಟರನ್ನು ನನಗೆ ತೋರಿಸಿದ. ಬಸ್ಸಿನಲ್ಲಿ ವಾಪಸ್ ಬರುವವರೆಗೆ ಮಾತಾಡಲಿಲ್ಲ.

ನಾವು ಎರಡನ್ನೂ ಕೊಳ್ಳಲಿಲ್ಲ. ನಮ್ಮದು ಪ್ಲನೇರಿಯಾ ಅಲ್ಲ. ಅಲ್ಲದೆ ಫಿಲ್ಟರಿನಲ್ಲಿ ಸಾವಿರ ಹುಳ ಒಮ್ಮೆಗೇ ಸತ್ತರೆ ಅವೆಲ್ಲ ಅಲ್ಲೇ ಕೊಳೆತು ಅಮೋನಿಯಾ ಏರುತ್ತದೆ, ಹುಳಕ್ಕೆ ಹಾಕಿದ ಮದ್ದು ಮೀನನ್ನು ಕೊಂದಂತಾಗುತ್ತದೆ. ತೊಟ್ಟಿಯಲ್ಲಿ ಬಸವನಹುಳು ಸಾಕಿದವರಂತೂ ಇಂಥ ಔಷಧದಿಂದ ದೂರವೇ ಇರಬೇಕು.

ಹಾಳೆ ಅಂಟಿಸಿ ಹತ್ತು ದಿನಕ್ಕೆ ಗಾಜಿನ ಮೇಲಿನ ಹುಳ ಇಳಿಯಿತು. ಮೂರು ವಾರಕ್ಕೆ ಪರೀಕ್ಷೆಯ ನೀರು ಹಳದಿಗೆ ಬಂತು. ಎರಡು ಗಪ್ಪಿಗಳನ್ನು ಕಳೆದುಕೊಂಡೆವು, ನಡುವೆ ಒಂದು ಮೊಲ್ಲಿ ಮರಿ ಹಾಕಿತು, ಹಾಗಾಗಿ ಕಾಕನ ಶುಕ್ರವಾರದ ಎಣಿಕೆ ಈಗ ತಪ್ಪುತ್ತಲೇ ಇರುತ್ತದೆ. ಸ್ಪಂಜು ಹಿಂಡಿದಾಗ ಈಗಲೂ ಹತ್ತಿಪ್ಪತ್ತು ಹುಳ ಬರುತ್ತವೆ. ಹುಡುಗ ಅವನ್ನು ಸಣ್ಣ ಜಾಲರಿಯಲ್ಲಿ ಸೋಸಿ ಮೊಲ್ಲಿಗಳಿಗೆ ಹಾಕುತ್ತಾನೆ, ಗಸಿ ನೀರು ಬಾಲ್ಕನಿಯ ಕರಿಬೇವಿನ ಗಿಡಕ್ಕೆ. ಭಟ್ಟರ ಕಾರ್ಡ್ ನವೀಕರಣವಾಯಿತು, ಕಂತು ಕಟ್ಟಿದರು. ಆ ಕರಿಬೇವನ್ನು ಮಾತ್ರ ಅವರು ಮೂರು ಸಲ ತೊಳೆದು ಹಾಕುತ್ತಾರೆ.

ಕಾಕನ ಮಂಚ ಖಾಲಿ ಇತ್ತು, ಅಕ್ಟೋಬರಿನಲ್ಲಿ ಕೊಳ್ಳೇಗಾಲ ಕಡೆಯ ಒಬ್ಬರು ಬಂದರು. ಮೊದಲ ಸಲ ಗಲ್ಫ್. ಬ್ಯಾಗ್ ಇಟ್ಟು, ಮನೆಗೆ ಫೋನ್ ಮಾಡಿ ಮುಗಿಸಿ, ಸುಮಾರು ಹೊತ್ತು ತೊಟ್ಟಿಯ ಮುಂದೆ ಕೂತಿದ್ದರು. ಇವಕ್ಕೆ ನಾನೂ ಒಂದ್ಸಲ ಊಟ ಹಾಕ್ಬೋದಾ ಎಂದು ಕೇಳಿದರು. ಮಂಡ್ಯದವರು ಎದ್ದು ಹೋಗಿ ಫ್ರಿಜ್ಜಿನ ಹಾಳೆಯಲ್ಲಿ ಮಂಗಳವಾರದ ಎದುರು ತಮ್ಮ ಹೆಸರು ಹೊಡೆದು ಅವರ ಹೆಸರು ಬರೆದರು.